ಬೆರಳಗಲ ಕೂದಲು

ಅಂದಿನ ಅನಾಹುತಕ್ಕೆಲ್ಲ ಮೂಲ, ಪಕ್ಕದ ಔಷಧದಂಗಡಿಯ ಹುಡುಗ ‘ಮಾತ್ರೆ’ ಬೆಳಿಗ್ಗೆ ಕೇಳಿದ ಒಂದು ಪ್ರಶ್ನೆ. ಸೊಂಟದವರೆಗೆ ಇಳಿಬಿದ್ದ ಕೂದಲನ್ನು ತೊಳೆಸಿಕೊಳ್ಳಲು ಕ್ಷೌರದಂಗಡಿಗೆ ಬಂದಿದ್ದ ಅವನು, ಸಿಂಕಿನ ಅಂಚಿಗೆ ಕುತ್ತಿಗೆಯಾನಿಸಿ, ನೊರೆಯೊಳಗಿಂದಲೇ, “ಅಲ್ಲಾ ಗುರೂ, ಸಂಜೆ ಕಾರ್ಯಕ್ರಮಕ್ಕೆ ಬರೋ ಈ ಮಿಂಚು ಅನ್ನೋನು ಹಾಡೋದಾ, ಇಲ್ಲಾ ಡ್ರಮ್ ಬಾರಿಸೋದಾ?” ಎಂದ.

ತಲೆ ತೊಳೆಯುತ್ತಿದ್ದ ತಂತಿಯ ಕೈ ಅಲ್ಲೇ ನಿಂತಿತು. ತಂತಿ ಎಂಬುದು ಅವನಿಗೆ ಬೀದಿಯವರಿಟ್ಟ ಹೆಸರು. ಆಳು ತಂತಿಯಷ್ಟೇ ತೆಳ್ಳಗೆ. ಸ್ವಭಾವವೂ ಹಾಗೆಯೇ, ಸದಾ ಬಿಗಿದುಕೊಂಡಿರುವುದು, ಮುಟ್ಟಿದರೆ ಝೇಂಕರಿಸುವುದು. ಬಿಸಿನೀರಿನ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದ, ಅಷ್ಟೆ. ಮಾತ್ರೆ ಸಿಂಕಿನಿಂದ ಮೀನಿನಂತೆ ಎಗರಿದ.

ಮಿಂಚು ಹಾಡುವವನಲ್ಲ, ಡ್ರಮ್ ಬಾರಿಸುವವನೂ ಅಲ್ಲ. ಅವನದು ಗಿಟಾರು, ಅದರಲ್ಲೂ ಥ್ರ್ಯಾಶ್ ಮೆಟಲ್. ಕೇಳಿ ಅಭ್ಯಾಸವಿಲ್ಲದವರಿಗೆ ಆ ಸಂಗೀತ, ತಗಡಿನ ಡಬ್ಬ ಹೇರಿಕೊಂಡ ಗಾಡಿಗೆ ಇಳಿಜಾರಿನಲ್ಲಿ ಬ್ರೇಕು ತಪ್ಪಿದ ಹಾಗೆ ಕೇಳಿಸುತ್ತದೆ. ತಂತಿಗೆ ಮಾತ್ರ ಅದರ ಒಂದೊಂದು ಏಟೂ ಜಪಮಣಿಯಂತೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮಿಂಚು ಅಂಗೈಯ ಅಂಚನ್ನು ಒತ್ತಿ ಗಿಟಾರನ್ನು ಎಲ್ಲಿ ಗುರುಗುಟ್ಟಿಸುತ್ತಾನೆ, ಎಲ್ಲಿ ಒತ್ತಡ ಬಿಟ್ಟು ಕೂಗಿಸುತ್ತಾನೆ, ಕೈಯನ್ನು ಮೇಲೆ ಕೆಳಗೆ ಆಡಿಸದೆ ಬರೀ ಕೆಳಮುಖದ ಏಟಿನಲ್ಲೇ ಇಡೀ ಹಾಡನ್ನು ಹೇಗೆ ಅಟ್ಟಿಸಿಕೊಂಡು ಹೋಗುತ್ತಾನೆ ಎಂಬುದೆಲ್ಲ ಅವನಿಗೆ ಕಿವಿಪಾಠ. ತಾನು ಗಿಟಾರು ಮುಟ್ಟಿದವನಲ್ಲ. ಬಾಳಿನಲ್ಲಿ ದೇವರನ್ನು ಕೇಳಿಕೊಂಡದ್ದು ಒಂದೇ: ಆ ಬೆರಳುಗಳು ಗಿಟಾರಿನ ಮೇಲೆ ಓಡುವುದನ್ನು ಒಮ್ಮೆ, ಒಂದೇ ಒಂದು ಸಲ, ಹತ್ತಿರದಿಂದ ಕಣ್ಣಾರೆ ಕಾಣಬೇಕು.

ಮುಖ ಕಾಣುವ ಆಸೆ ಅವನಿಗಿರಲಿಲ್ಲ. ಮಿಂಚಿನ ಮುಖವನ್ನು ಕಂಡವರೇ ಇಲ್ಲ. ವೇದಿಕೆಯ ಮೇಲೆ ಅವನು ತಲೆ ಬಗ್ಗಿಸಿದನೆಂದರೆ ಕೂದಲು ಜಲಪಾತದಂತೆ ಸುರಿದು ಮುಖ ಮುಚ್ಚುತ್ತಿತ್ತು. ಗೋಡೆಯ ಪೋಸ್ಟರಿನಲ್ಲೂ ಒಂದು ರಾಶಿ ಕೂದಲು, ಅದರಡಿಯಲ್ಲಿ ಹತ್ತು ಬೆರಳು. ಅದೇ ಭಕ್ತಿಯಿಂದ ತಂತಿಯೂ ಕೂದಲು ಬಿಟ್ಟಿದ್ದ. ಮನೆಯಲ್ಲಿ ಹೆಂಡತಿ ಬಚ್ಚಲಿನ ತೂಬಿನಿಂದ ಅದನ್ನು ಎಳೆದೆಳೆದು ತೆಗೆಯುತ್ತ, ಇಷ್ಟರಲ್ಲಿ ಬಾವಿಗೊಂದು ಹಗ್ಗ ಹೊಸೆಯಬಹುದಿತ್ತು ಎಂದು ಗೊಣಗುತ್ತಿದ್ದಳು.

ಅಂಗಡಿ ಮಾವನದು. ಮೂರು ಕುರ್ಚಿ: ಮೊದಲನೆಯದು ಮಾವನದು, ನಡುವಿನದು ತಂತಿಯದು, ಕೊನೆಯದು ಹೆಂಡತಿಯ ಅಣ್ಣ, ಭಾವನದು. ಭಾವನೂ ಇದೇ ಸಂಗೀತದ ಹುಚ್ಚನೇ. ಆದರೆ ಅವನ ಭಕ್ತಿ ಮಿಂಚಿನ ಮೇಲಲ್ಲ, ಮಿಂಚಿಗೆ ವಿದ್ಯೆ ಕಲಿಸಿದ ಮೇಷ್ಟ್ರ ಮೇಲೆ. ಆ ಮೇಷ್ಟ್ರು ವೇದಿಕೆ ಹತ್ತಿದವರಲ್ಲ. ಒಂದು ಕಿರುಕೋಣೆಯಲ್ಲಿ ಟಿಕ್ ಟಿಕ್ ಎನ್ನುವ ತಾಳದ ಯಂತ್ರವಿಟ್ಟುಕೊಂಡು, ಶಿಷ್ಯರಿಂದ ಬಸವನ ಹುಳುವಿನ ವೇಗದಲ್ಲಿ ಬಾರಿಸಿ ಬಾರಿಸಿ ಕಡೆಗೆ ಮಿಂಚಿನ ವೇಗ ಬರಿಸಿದವರು.

“ಮಿಂಚು ಮಾಡಿದ್ದೇನು? ಮೇಷ್ಟ್ರು ಇಡು ಅಂದ ಕಡೆ ಬೆರಳಿಟ್ಟ,” ಎಂದು ಭಾವ ಅಂದೂ ಶುರುಮಾಡಿದ.

“ಹಾಗಾದ್ರೆ ಸಂಜೆ ನಿಮ್ಮ ಮೇಷ್ಟ್ರೇ ಬಂದು ಬಾರಿಸ್ಲಿ ಭಾವ.”

“ಅಡಿಪಾಯ ಎದ್ದು ಬಂದು ಮಹಡಿ ಮೇಲೆ ಕುಣಿಯಲ್ಲ ಕಣಪ್ಪ.”

ತಂತಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಸಿಟ್ಟು ಎಲ್ಲ ಸಿಟ್ಟಿಗಿಂತ ಕೆಟ್ಟದ್ದು. ಅದರ ಮೇಲೆ ಅಂದು ಅಂಗಡಿಯ ತುಂಬ ಉದ್ದ ಕೂದಲಿನವರೇ. ಪರ ಊರುಗಳಿಂದ ಬಂದಿಳಿದ ಅಭಿಮಾನಿಗಳು. ಒಬ್ಬನಿಗೆ ಕೂದಲು ನೆಟ್ಟಗಾಗಬೇಕು, ಇನ್ನೊಬ್ಬನಿಗೆ ಮಿಂಚಿನ ಹಾಗೆಯೇ ಹಣೆಯ ಮೇಲೆ ಸುರಿಯಬೇಕು. ತಂತಿ ಒಬ್ಬೊಬ್ಬನನ್ನೂ ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ. ಬರೀ ಕೆಳಮುಖದ ಏಟು ಯಾವ ಹಾಡಿನಲ್ಲಿದೆ ಎಂದರೆ ಒಬ್ಬನಿಗೂ ತಿಳಿಯದು. ತಲೆಯ ಹೊರಗೆ ಇಷ್ಟು ಬೆಳೆದದ್ದು ಒಳಗೆ ಎಳ್ಳಷ್ಟೂ ಬೆಳೆಯಲಿಲ್ಲವಲ್ಲ ಎಂದು ಅವನು ಹಲ್ಲು ಕಡಿದ. ಒಲೆಯ ಮೇಲಿಟ್ಟು ಮರೆತ ಹಾಲಿನಂತೆ ಸಿಟ್ಟು ಅಂಚಿಗೆ ಬಂದಿತ್ತು.

ಮಧ್ಯಾಹ್ನ ಊಟಕ್ಕೂ ಒಂದು ನಿದ್ದೆಗೂ ಮನೆಗೆ ಹೊರಟ ಮಾವ ಬಾಗಿಲಲ್ಲಿ ನಿಂತು ಹೇಳಿದ: “ಅಳಿಯಂದ್ರೇ, ಕೈಯಲ್ಲಿರೋದು ಕತ್ತರಿ. ಕೋಪ ಬಾಯಲ್ಲಿದ್ರೆ ಇರ್ಲಿ, ಕೈಗೆ ಇಳಿಸ್ಬೇಡಿ.”

ಮಾವ ಅತ್ತ ಹೋದ. ಇತ್ತ ಟೋಪಿ ಹಾಕಿದ ಒಬ್ಬ ಬಡಕಲು ಮನುಷ್ಯ ಒಳಗೆ ಬಂದ. ಟೋಪಿ ತೆಗೆದರೆ ಮತ್ತೆ ಅದೇ, ಸೊಂಟದವರೆಗೆ ಕೂದಲು. ‘ಇನ್ನೊಬ್ಬ’ ಎಂದುಕೊಂಡು ತಂತಿ ಅವನನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಮೊಣಕಾಲಿನವರೆಗೆ ಹೊದಿಸಿದ.

“ತುದಿ ಮಾತ್ರ. ಬೆರಳಗಲ,” ಎಂದು ಆ ಮನುಷ್ಯ ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದರೂ ಬಟ್ಟೆಯ ಕೆಳಗೆ ಅವನ ಕೈ ಸುಮ್ಮನಿರಲಿಲ್ಲ. ಚೀಲದೊಳಗೆ ಸಿಕ್ಕ ಇಲಿಮರಿಗಳಂತೆ ಅಲ್ಲಿ ಏನೋ ಪುಟುಪುಟು ಓಡುತ್ತಿತ್ತು. ತಂತಿ ಎರಡು ಸಲ ತಡೆದುಕೊಂಡ. ಮೂರನೆಯ ಸಲ, “ಕೈ ಸುಮ್ನೆ ಇಟ್ಕೊಳ್ಳಿ ಸ್ವಾಮಿ. ತುರಿಕೆ ಇದ್ರೆ ಪಕ್ಕದಲ್ಲೇ ಔಷಧದಂಗಡಿ ಇದೆ,” ಎಂದ. ಇಲಿಮರಿಗಳು ನಿಂತವು.

ಸಂಜೆಯ ಕಾರ್ಯಕ್ರಮಕ್ಕೆ ಹೋಗುತ್ತೀರಾ ಎಂದು ಕೇಳಿದ್ದಕ್ಕೆ ಆ ಮನುಷ್ಯ, ಹಲ್ಲು ಕೀಳಿಸಿಕೊಳ್ಳಲು ಹೊರಟವನ ದನಿಯಲ್ಲಿ, ಹೋಗಲೇಬೇಕಲ್ಲ ಎಂದ. ಮಿಂಚು ಇಷ್ಟವಿಲ್ಲವೇ?

“ಪರವಾಗಿಲ್ಲ, ಬಾರಿಸ್ತಾನೆ. ಆದ್ರೆ ಮೂರನೇ ಹಾಡಿನ ಕೊನೇಲಿ ಓಡ್ತಾನಲ್ಲ, ಅಲ್ಲಿ ಕೈ ಜಾರುತ್ತೆ. ಯಾವಾಗ್ಲೂ ಜಾರುತ್ತೆ. ಸದ್ದಲ್ಲಿ ಮುಚ್ಚಿಹಾಕ್ತಾನೆ.”

ತಂತಿಯ ಕಿವಿಯಲ್ಲಿ ಬಿಸಿಗಾಳಿ ಬೀಸಿತು. ಭಾವನ ಮುಖದಲ್ಲಿ ಹುಣ್ಣಿಮೆ ಮೂಡಿತು. “ಹೇಳಿ ಸ್ವಾಮಿ, ಇವನಿಗೆ ಸ್ವಲ್ಪ ಬಿಡಿಸಿ ಹೇಳಿ. ಮೇಷ್ಟ್ರಾಗಿದ್ರೆ ಜಾರ್ತಿತ್ತಾ?”

“ಅವರಿಗ್ಯಾಕೆ ಜಾರುತ್ತೆ?” ಆ ಮನುಷ್ಯ ನಿಟ್ಟುಸಿರಿಟ್ಟ. “ಅವರ ಕಾಲ ಧೂಳಿಗೂ ಅವನು ಸಮ ಅಲ್ಲ.”

ಕಚಕ್ ಎಂದಿತು ಕತ್ತರಿ. ಬೆರಳಗಲವಲ್ಲ; ಎಡಗಿವಿಯಿಂದ ಕೆಳಗಿನದೆಲ್ಲ ಕುದುರೆಯ ಬಾಲದಂತೆ ನೆಲಕ್ಕೆ ಬಿತ್ತು.

ಭಾವ ಅದನ್ನು ನೋಡಿದ, ತಂತಿಯ ಮುಖ ನೋಡಿದ, ಗೋಡೆಯ ಗಡಿಯಾರ ನೋಡಿದ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ, ಬೇಗ ಹೋದರೆ ಹತ್ತಿರದಿಂದ ಕಾಣಬಹುದು ಎಂದು ಗೊಣಗಿ, ಚಪ್ಪಲಿ ಮೆಟ್ಟಿ ಮಾಯವಾದ. ಕಷ್ಟಕಾಲದಲ್ಲಿ ನೆಂಟರು ಹೀಗೇ.

ಒಬ್ಬನೇ ಉಳಿದ ತಂತಿ, ಗಿರಾಕಿಯ ಕಣ್ಣು ಇನ್ನೂ ಮುಚ್ಚಿರುವುದನ್ನು ಕಂಡು, ಎಡಕ್ಕೆ ಸರಿಯಾಗಿ ಬಲಕ್ಕೂ ಕತ್ತರಿಸಿದ. ಬಲ ಗಿಡ್ಡವಾಯಿತು. ಎಡವನ್ನು ಸರಿಮಾಡಿದ, ಎಡ ಗಿಡ್ಡವಾಯಿತು. ಬೆಕ್ಕುಗಳ ಬೆಣ್ಣೆ ಹಂಚಿದ ಕೋತಿಗೆ ಕೊನೆಗೆ ಬೆಣ್ಣೆಯಾದರೂ ದಕ್ಕಿತು. ತಂತಿಗೆ ದಕ್ಕಿದ್ದು ಕೊಯ್ಲು ಮುಗಿದ ಹೊಲದಂಥ ಒಂದು ತಲೆ. ಬಿದ್ದದ್ದನ್ನೆಲ್ಲ ಕಾಲಿನಿಂದಲೇ ಮೂಲೆಯ ರಾಶಿಗೆ ತಳ್ಳಿ, ದೇವರ ಹೆಸರು ಹೇಳಿ ಬಟ್ಟೆ ಎಳೆದ.

ಆಗ ಕಂಡವು ಕೈಗಳು. ಎಡಗೈಯ ನಾಲ್ಕು ಬೆರಳ ತುದಿ ಹುಣಸೆ ಬೀಜದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಬಲ ಅಂಗೈಯ ಅಂಚಿನಲ್ಲಿ, ಗಿಟಾರನ್ನು ಗುರುಗುಟ್ಟಿಸುವ ಜಾಗದಲ್ಲಿ, ಚರ್ಮ ಕಪ್ಪಗೆ ಜಡ್ಡುಗಟ್ಟಿತ್ತು. ಪೋಸ್ಟರಿನಲ್ಲಿ ದಿನವೂ ಕೈಮುಗಿಯುತ್ತಿದ್ದ ಆ ಬೆರಳುಗಳನ್ನು ತಂತಿ ಗುರುತು ಹಿಡಿಯುವಷ್ಟರಲ್ಲಿ ಅವು ಮುಷ್ಟಿಯಾದವು.

ಮಿಂಚು ಕನ್ನಡಿಯನ್ನು ಬಹಳ ಹೊತ್ತು ನೋಡಿದ. “ಕೈ ಜಾರೋದು ನನಗೊಬ್ಬನಿಗೇ ಅಲ್ಲ ಅಂತಾಯ್ತು,” ಎಂದ.

ತಂತಿ ಅವನ ಕಾಲು ಹಿಡಿಯಲು ಬಗ್ಗುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಬಂದವಳು ಮಿಂಚಿನ ಅಕ್ಕ. ತಮ್ಮನ ಕಾರ್ಯಕ್ರಮ, ಊಟ, ನಿದ್ದೆ ಎಲ್ಲ ನೋಡಿಕೊಳ್ಳುವವಳು. ಕಿವಿಗಿದ್ದ ಫೋನನ್ನು ಮಾತಿನ ಮಧ್ಯದಲ್ಲೇ ಕಡಿದು, ಬಿದ್ದ ಕೂದಲೆಲ್ಲಿ, ಅಂಟಿಸುತ್ತೇನೆ ಎಂದಳು. ತಂತಿ ಮೂಲೆ ತೋರಿಸಿದ. ಅಲ್ಲಿ ಹತ್ತು ತಲೆಯ ಕೂದಲು ಒಂದೇ ರಾಶಿಯಾಗಿ, ಸತ್ತ ಕರಡಿಯಂತೆ ಬಿದ್ದಿತ್ತು. ಅಕ್ಕನ ದೃಷ್ಟಿ ಅಲ್ಲಿಂದೆದ್ದು ನಿಧಾನವಾಗಿ ತಂತಿಯ ತಲೆಯ ಮೇಲೆ ಬಂದು ಕೂತಿತು. ಸಂತೆಯಲ್ಲಿ ಕುಂಬಳಕಾಯಿ ಆರಿಸುವವರಂತೆ ಅವಳು ಅವನ ಸುತ್ತ ಒಂದು ಸುತ್ತು ಬಂದಳು.

“ಜನ ಬರೋದು ಈ ಕೂದಲು ನೋಡೋಕೆ. ಬೋಳಣ್ಣನ್ನ ನಿಲ್ಲಿಸಿದ್ರೆ ಕಲ್ಲು ಬೀಳುತ್ತೆ. ಇವನು ಪರದೆ ಹಿಂದೆ ಬಾರಿಸ್ಲಿ. ಮುಂದೆ ನೀನು ನಿಲ್ತೀಯ.”

ತಂತಿಗೆ ಆ ಭಯದಲ್ಲೂ ಸಿಟ್ಟು ಬಂತು. “ಜನ ಬರೋದು ಬೆರಳು ನೋಡೋಕೆ ಅಕ್ಕ.”

“ಹೌದಾ? ಆ ಬೆರಳೇ ಬಂದು ನಿನ್ನ ಕುರ್ಚೀಲಿ ಕೂತಾಗ ನೀನ್ಯಾಕೆ ನೋಡ್ಲಿಲ್ಲ?”



ಸಂಜೆ ಹೊಗೆ, ಬಣ್ಣದ ಬೆಳಕು, ಕಡಲಿನಂಥ ಜನ. ಯಾವ ಸ್ಪೀಕರಿಗೂ ಸಿಕ್ಕಿಸದ, ಸದ್ದಿಲ್ಲದ ಗಿಟಾರೊಂದನ್ನು ಕೊರಳಿಗೆ ಹಾಕಿಕೊಂಡು ತಂತಿ ತಲೆ ಬಗ್ಗಿಸಿದ. ಬೆನ್ನಿಗೆ ಕರಿಯ ಪರದೆ, ಪರದೆಯ ಹಿಂದೆ ಒಂದು ಸ್ಟೂಲು, ಅದರ ಮೇಲೆ ಮಿಂಚು. ತಿರುಗಿ ನೋಡಿದರೆ ಕತ್ತು ಮುರಿಯುತ್ತೇನೆ ಎಂದು ಅಕ್ಕ ಮೊದಲೇ ಹೇಳಿದ್ದಳು. ಸಂಗೀತ ಶುರುವಾಯಿತು. ಕೂದಲು ಕಣ್ಣಿಗೆ ಹೋಯಿತು, ಮೂಗಿಗೆ ಹೋಯಿತು, ಬಾಯಿಗೂ ಹೋಯಿತು. ಎಡಗೈ ಹೇಗೋ ಗೋಡೆಯ ಹಲ್ಲಿಯಂತೆ ಮೇಲೆ ಕೆಳಗೆ ಹರಿದಾಡಿತು. ಬಲಗೈಗೆ ಜನ್ಮದಲ್ಲಿ ಗೊತ್ತಿದ್ದುದು ಒಂದೇ ಕಸುಬು. ಅದು ಗಾಳಿಯಲ್ಲಿ ಕತ್ತರಿಯಾಡಿಸತೊಡಗಿತು. ಜನ ಹುಚ್ಚೆದ್ದು ಕೂಗಿದರು.

ಮೂರನೆಯ ಹಾಡು ಬಂತು. ಕೊನೆಯ ಓಟ ಬಂತು. ತಂತಿ ಉಸಿರು ಹಿಡಿದ. ಕೈ ಜಾರಲಿಲ್ಲ. ಸಾವಿರ ಮಣಿಗಳು ಒಂದೊಂದೇ ದಾರದಿಂದ ಇಳಿದವು. ಎಂದೂ ಯಾರೂ ಕೇಳದ ಹಾಗೆ ಬಾರಿಸಿದ ಬೆರಳುಗಳು ಬೆನ್ನ ಹಿಂದೆ ಎರಡು ಮಾರು ದೂರದಲ್ಲಿದ್ದವು, ಮತ್ತು ತಂತಿ ತನ್ನ ಕೂದಲನ್ನೇ ಅಗಿಯುತ್ತ ನಿಂತಿದ್ದ. ದೇವರು ಕೇಳಿದ್ದನ್ನು ಕೊಡುತ್ತಾನೆ. ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುತ್ತಾನೆಂಬುದು ಮಾತ್ರ ಅವನಿಚ್ಛೆ.

ದೀಪ ಆರಿದ ಮೇಲೆ ಪರದೆಯಾಚೆ ಒಂದು ಮುದಿದನಿ ಕೇಳಿತು. ಮೇಷ್ಟ್ರು. “ಇಷ್ಟು ವರ್ಷ ಬಡ್ಕೊಂಡೆ, ಕೂದಲು ಕಣ್ಣಿಗೆ ಅಡ್ಡ ಬರುತ್ತೆ, ತೆಗೆಸೋ ಅಂತ. ಇವತ್ತು ನಿನಗೆ ಕೈ ಕಾಣ್ತಲ್ಲ, ಜಾರ್ಲೂ ಇಲ್ಲ.” ತಂತಿ ಅತ್ತ ನುಗ್ಗಬೇಕೆಂದರೆ ಕೂದಲು ಗಿಟಾರಿನ ಬಿರಡೆಗಳಿಗೆ ಸುತ್ತಿಕೊಂಡಿತ್ತು. ಬಿಡಿಸಿಕೊಂಡು ಹೋಗುವಷ್ಟರಲ್ಲಿ ಸ್ಟೂಲು ಖಾಲಿ. ಮುಟ್ಟಿ ನೋಡಿದ, ಇನ್ನೂ ಬೆಚ್ಚಗಿತ್ತು. ಬಾಯಿಬಿಟ್ಟರೆ ಗೊತ್ತಲ್ಲ ಎಂದು ಅಕ್ಕ ದೂರದಿಂದ ಬೆರಳು ತೋರಿಸಿ ವ್ಯಾನು ಹತ್ತಿದಳು.

ಮರುದಿನ ಬೆಳಿಗ್ಗೆ ಭಾವ ಅಂಗಡಿಗೆ ಬಂದವನೇ ಕೈಮುಗಿದ. “ಸೋತೆ ಕಣಪ್ಪ. ಮಿಂಚೇ ದೊಡ್ಡೋನು. ಆ ಬಲಗೈ ಏನು ಅಂತೀಯ, ಕತ್ತರಿ ಆಡಿಸಿದ ಹಾಗೆ. ಅದನ್ನ ಮೇಷ್ಟ್ರು ಹೇಳ್ಕೊಟ್ಟಿರೋಕೆ ಸಾಧ್ಯಾನೇ ಇಲ್ಲ.” ತಂತಿ ವರ್ಷಗಟ್ಟಲೆ ಕಾದಿದ್ದ ಗೆಲುವು ಹೀಗೆ ಬಂತು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಅದಿರ್ಲಿ,” ಭಾವನ ದನಿ ಬದಲಾಯಿತು, “ನೀನೆಲ್ಲಿ ಹಾಳಾಗಿ ಹೋಗಿದ್ದೆ? ನನ್ನ ಪಕ್ಕದ ಸೀಟು ಖಾಲಿ. ಈ ಮಾತ್ರೆ ಕೂಡ ಬಂದಿದ್ದ. ಬಾಯಲ್ಲಿ ಮಾತ್ರ ಭಕ್ತಿ, ಅಲ್ವಾ?”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮಾತ್ರೆ ತಲೆಯಾಡಿಸಿದ. “ಬರ್ಬೇಕಿತ್ತು ಗುರೂ. ಮಿಂಚು ಬಹಳ ಚೆನ್ನಾಗಿ ಹಾಡ್ದ.”

ತಂತಿಯಲ್ಲಿ ಏನೋ ಪಟ್ಟನೆ ಹರಿಯಿತು. ಎದ್ದು ಹೋಗಿ ಭಾವನ ಕುರ್ಚಿಯಲ್ಲಿ ಧೊಪ್ಪನೆ ಕೂತ. ಈ ಕೂದಲಿನಿಂದಲೇ ಎಲ್ಲ. ಇದಿದ್ದುದರಿಂದಲೇ ವೇದಿಕೆಗೆ ಎಳೆದರು, ಇದಿದ್ದುದರಿಂದಲೇ ಕಣ್ಣು ಕುರುಡಾಯಿತು. “ಕತ್ತರಿಸಿ ಭಾವ. ಬುಡಕ್ಕೆ.” ಭಾವ ಆಗಲೇ ಕತ್ತರಿಯೆತ್ತಿ ಬುಡಕ್ಕೆ ಇಳಿಸಿದ. ಬಾಗಿಲಿಗೆ ಬಂದ ಮಾವ ಅಳಿಯನ ತಲೆ ಕಂಡು ಪೊರಕೆ ಎತ್ತಿಕೊಂಡ. “ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಅಳಿಯಂದ್ರೇ. ಕೂದಲಾದ್ರೆ ಬರುತ್ತೆ. ನಿಧಾನವಾಗಿ,” ಎಂದು ಗುಡಿಸತೊಡಗಿದ.

ಗುಡಿಸಿ ಮುಗಿಯುವ ಮೊದಲೇ ವ್ಯಾನು ಬಂದು ನಿಂತಿತು. ಅಕ್ಕ ಇಳಿದು ಬಂದು, ಹೊಸ್ತಿಲಲ್ಲಿ ನಿಂತಿದ್ದ ತಂತಿಯನ್ನೇ ಕೇಳಿದಳು: “ಇಲ್ಲಿ ನಿನ್ನೆ ಉದ್ದ ಕೂದಲಿನವನೊಬ್ಬ ಇದ್ದನಲ್ಲಪ್ಪ, ಎಲ್ಲಿ?”

“ನಾನೇ ಅಕ್ಕ.”

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. ದನಿ ತಗ್ಗಿಸಿ ಬಂದ ಕೆಲಸ ಹೇಳಿದಳು. ಪರದೆಯಿಂದ ಸದ್ದು ಮಂಕಾಗುತ್ತದೆ, ತೆಗೆದುಬಿಡಿ ಎಂದು ಮೇಷ್ಟ್ರು ಹೇಳಿದರಂತೆ. ಮಿಂಚು ಇನ್ನು ಟೋಪಿ ಹಾಕಿ, ಜೊತೆ ಬಾರಿಸುವವನ ಹಾಗೆ, ಜನರಿಗೆ ಬೆನ್ನು ಮಾಡಿ ಕೂರುವುದು. ಕೂದಲಿನವನು ಅವನೆದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಊರೂರಿನಲ್ಲಿ, ದಿನಾ ಸಂಜೆ. “ತಮ್ಮನೇ ನಿನ್ನ ಕರೆಸು ಅಂದ. ಕೂದಲು ಕತ್ತರಿಸಿ ಕೈ ಸರಿಮಾಡಿದೋನು, ಎದುರಿಗಿದ್ದು ಬೆರಳು ನೋಡ್ಲಿ ಅಂತ.”

ತಂತಿ ಮಾವನ ಪೊರಕೆಯ ಕೆಳಗಿದ್ದ ರಾಶಿಯನ್ನು ನೋಡಿದ. ಅಕ್ಕ ಮಾತ್ರ ಅದನ್ನು ನೋಡುತ್ತಿರಲಿಲ್ಲ. ಅವಳ ದೃಷ್ಟಿ ಬೆಂಚಿನ ಮೇಲೆ ಕೂತಿದ್ದ, ಸೊಂಟದವರೆಗೆ ಕೂದಲು ಸುರಿದಿದ್ದ ಇನ್ನೊಂದು ಕುಂಬಳಕಾಯಿಯ ಮೇಲೆ ನೆಟ್ಟಿತ್ತು.

“ಏನಪ್ಪಾ, ನಿನಗೇನು ಕೆಲಸ?”

“ಪಕ್ಕದ ಅಂಗಡೀಲಿ ಮಾತ್ರೆ ಕೊಡ್ತೀನಿ.”

“ಅದನ್ನ ಬಿಡು. ಸಂಜೆಗೆ ನಮ್ಮ ಜೊತೆ ಬಾ.” ಆಮೇಲೆ ತಂತಿಯ ಕಡೆ ತಿರುಗಿ, “ಇವನ ತುದಿ ಸೀಳಿದೆ, ಸರಿಮಾಡಿ ಕಳಿಸು,” ಎಂದಳು.

ಮಾತ್ರೆ ನಡುವಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ತಂತಿ ಕುತ್ತಿಗೆಗೆ ಬಟ್ಟೆ ಕಟ್ಟಿದ. ಬಟ್ಟೆಯೊಳಗಿಂದ ಮಾತ್ರೆ, “ಅಂದ್ಹಾಗೆ ಗುರೂ, ಗಿಟಾರಿಗೆ ತಂತಿ ಎಷ್ಟು?” ಎಂದ. ಭಾವ ಕೆಮ್ಮಿದ. ಮಾವ ಗುಡಿಸುವುದನ್ನು ನಿಲ್ಲಿಸಿದ. ಅಕ್ಕ ಕತ್ತರಿಯ ಮೇಲೆ ಕಣ್ಣಿಟ್ಟು, “ಬೆರಳಗಲ. ಹೆಚ್ಚು ಬೇಡ,” ಎಂದಳು.

ತಂತಿ ಹಲ್ಲು ಕಚ್ಚಿ ಕತ್ತರಿಸಿದ. ಹಾಳು ಕೈ, ಅಂದು ಕೂದಲೆಳೆಯಷ್ಟೂ ಜಾರಲಿಲ್ಲ.