ನಿಂಬೆಹಣ್ಣಿನ ರುಚಿ ಹತ್ತಿದ ಕಾರು

"ಮಂದಾ, ಇನ್ನು ಮೇಲೆ ಊರಿನ ವೀಲ್ ಅಲೈನ್‌ಮೆಂಟ್ ಅಂಗಡಿಗಳಿಗೆಲ್ಲ ಬೀಗ!" ಪರಶಿವಮೂರ್ತಿ ಕಾರಿನ ಬಾನೆಟ್ ತಟ್ಟಿದ.

ಮಂದಾಕಿನಿ ಅಡುಗೆಮನೆಯ ಕಡೆ ನೋಡಿದಳು. ಪಾಲಿಟೆಕ್ನಿಕ್ ಮೇಷ್ಟ್ರಾದ ಗಂಡ ಹಿಂದೊಮ್ಮೆ ತಾನಾಗಿಯೇ ದೋಸೆ ಮಗುಚುವ ಕಾವಲಿ ಮಾಡಿದ್ದ. ಆ ದೋಸೆಯ ಗುರುತು ಅಡುಗೆಮನೆಯ ಚಾವಣಿಯಲ್ಲಿ ಇನ್ನೂ ಇತ್ತು.

"ಈ ಯಂತ್ರದ ಹೆಸರು ಚಕ್ರಬುದ್ಧಿ! ರಸ್ತೆಗೆ ಚಕ್ರ ನೆಟ್ಟಗಿದ್ರೆ ಸಾಕು. ರೇಸ್ ಟ್ರ್ಯಾಕಿನ ತಿರುವಿಗೆ ಒಳಕ್ಕೆ ವಾಲಬೇಕು. ಅದಕ್ಕೇ ಒಂದೊಂದು ಚಕ್ರಕ್ಕೂ ಒಂದೊಂದು ಮೂಗು ಇಟ್ಟಿದ್ದೀನಿ. ಬೇರೆ ಕಾರುಗಳ ಟೈರು ಉಜ್ಜಿದ ವಾಸನೆ ಹಿಡಿದು, ಆ ಕಡೆಗೇ ತಾನಾಗಿ ವಾಲುತ್ತೆ!"

ಮಂದಾಕಿನಿ ತುಮಕೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಊರಾಚೆಯ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ಕಾರು ಓಡಿಸಬಹುದಾದ ದಿನಗಳಿದ್ದವು. ಅಲ್ಲಿ ಅವಳು ಇಷ್ಟು ಕಾಲವೂ ನಿಧಾನದ ಗುಂಪಿನಲ್ಲೇ ಉಳಿದಿದ್ದಳು. ಇವತ್ತು ವರ್ಷದ ಕೊನೆಯ ಓಟದ ದಿನ, ಬೆಳಿಗ್ಗೆ ಒಂದು ಓಟ, ಮಧ್ಯಾಹ್ನ ಒಂದು. ವೇಗದ ಗುಂಪಿನ ಬಾಲದಲ್ಲಿದ್ದ ಉದಯಶಂಕರನನ್ನು ಹಿಂದೆ ಹಾಕಿದರೆ ಅವನ ಜಾಗ ಅವಳದು. ಅವನಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಕಲಿಸಿದವಳೇ ಅವಳು!

ಅತ್ತೆ ನಂಜಮ್ಮಣ್ಣಿ ಆರತಿ ತಟ್ಟೆ ಹಿಡಿದು ಬಂದರು. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣುಗಳು ಕೂತವು.

"ಯಂತ್ರ ಆನ್ ಮಾಡೋ."

"ಅಮ್ಮಾ, ಟ್ರ್ಯಾಕಿಗೆ ಹೋದ್ಮೇಲೇ ಆನ್ ಮಾಡ್ಬೇಕು. ಮೊದಲು ಏನು ಮೂಸುತ್ತೋ ಅದನ್ನೇ ಕಲಿಯುತ್ತೆ!"

"ಆಫ್ ಆಗಿರೋದಕ್ಕೆ ಪೂಜೆ ಮಾಡಿದ್ರೆ ಪುಣ್ಯ ಯಾರಿಗೆ ಹೋಗುತ್ತೋ?"

ಮೂರ್ತಿಯ ವಿಜ್ಞಾನ ಅಲ್ಲಿಗೆ ನಿಂತಿತು. ಆನ್ ಮಾಡಿದ. ಕಾರು ಮುಂದೆ ಸರಿಯಿತು. ಪಚಕ್! ನಾಲ್ಕು ಚಕ್ರಗಳೂ ಖುಷಿಯಲ್ಲಿ ಒಮ್ಮೆ ನಡುಗಿದವು.

ಮೂವರೂ ಕಾರು ಹತ್ತಿ ಹೊರಟರು. ಮಾರುಕಟ್ಟೆ ದಾಟುವಾಗಲೇ ಗ್ರಹಚಾರ ಶುರುವಾಯಿತು. ಎಡಚಕ್ರ ನಿಂಬೆಹಣ್ಣಿನ ತಳ್ಳುಗಾಡಿಯ ಕಡೆ, ಬಲಚಕ್ರ ಅಂಗಡಿಯೊಂದರ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣಿನ ಕಡೆ! ಕಾರು ಆಗ ಹುಟ್ಟಿದ ಕರುವಿನ ಹಾಗೆ ಕಾಲು ಅಗಲಿಸಿ ನಿಂತಿತು. ಮಂದಾಕಿನಿ ಸ್ಟೀರಿಂಗ್ ಜಗ್ಗಿದಳು. ಕಾರು ಹೋಗಿ ತಳ್ಳುಗಾಡಿಗೆ ಮುತ್ತಿಟ್ಟಿತು.

ಗಾಡಿಯವನ ಬಾಯಿ ಮುಚ್ಚಿಸಲು ಬುಟ್ಟಿ ಪೂರ್ತಿ ಕೊಂಡದ್ದಾಯಿತು.

"ಉಪ್ಪಿನಕಾಯಿಗೆ ಆಯ್ತು ಬಿಡು," ಅಂದರು ಅತ್ತೆ.

"ರೀ, ಇದನ್ನ ಆಫ್ ಮಾಡೋದು ಹೇಗೆ? ಮರೆಸೋದು ಹೇಗೆ?"

"ಎರಡನ್ನೂ ಇನ್ನೂ ಕಂಡುಹಿಡಿದಿಲ್ಲ," ಅಂದ ಮೂರ್ತಿ, ಕಿಟಕಿಯಾಚೆ ನೋಡುತ್ತ.

ಟ್ರ್ಯಾಕಿನಲ್ಲಿ ಮಾನ ಹೋಗುವುದೊಂದು ಬಾಕಿಯಿತ್ತು. ಉದಯಶಂಕರನ ಕೆಂಪು ಕಾರಿನ ಹಿಂಬದಿಗೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ! ಬೆಳಗಿನ ಓಟವಿಡೀ ಅವಳ ಕಾರು ಅವನ ಬಾಲ ಹಿಡಿದೇ ಓಡಿತು. ದಾಟಲು ಹೋದರೆ ಚಕ್ರಗಳು ಮುನಿಸಿಕೊಂಡು ಮತ್ತೆ ಅವನ ಹಿಂದಕ್ಕೇ ವಾಲುತ್ತಿದ್ದವು.

"ಮೇಡಂ, ದಾಟೋದಾದ್ರೆ ಇಂಡಿಕೇಟರ್ ಹಾಕಿ ಅಂತ ನೀವೇ ಕಲಿಸಿದ್ರಲ್ಲಾ!" ಉದಯಶಂಕರ ಹಲ್ಲು ಕಿರಿದ.

ಮಂದಾಕಿನಿ ಹೆಲ್ಮೆಟ್ ತೆಗೆದು ಕಾರಿನಲ್ಲೇ ಕೂತಳು. ಊಟದ ವಿರಾಮ. ಎಂಜಿನ್‌ಗಳೆಲ್ಲ ನಿಂತು, ಖಾಲಿ ಟ್ರ್ಯಾಕು ಬಿಸಿಲಿನಲ್ಲಿ ಮೌನವಾಗಿ ಮಲಗಿತ್ತು. ಎಲ್ಲಿ ವಾಲಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಅವಳ ಕಣ್ಣಿಗೆ ಗೆರೆ ಎಳೆದಂತೆ ಕಾಣುತ್ತಿತ್ತು. ಕಾರಿಗೆ ಕಾಣುತ್ತಿರಲಿಲ್ಲ, ಅಷ್ಟೆ. ಕಾರಿಗೆ ಗೊತ್ತಿದ್ದದ್ದು ಒಂದೇ.

ಅವಳು ಹಿಂದಿನ ಸೀಟಿಗೆ ತಿರುಗಿದಳು. "ಅತ್ತೆ, ಆ ಬುಟ್ಟಿ ಕೊಡಿ."

ಬುಟ್ಟಿ ಟ್ರ್ಯಾಕಿನ ಅಂಚಿಗೆ ಬಂದದ್ದೇ ಮೇಲ್ವಿಚಾರಕ ಓಡಿ ಬಂದು ಅಡ್ಡ ನಿಂತ. "ಅಮ್ಮಾ, ಟ್ರ್ಯಾಕಿನ ಹತ್ರ ಏನೂ ಇಡೋ ಹಾಗಿಲ್ಲ!"

ನಂಜಮ್ಮಣ್ಣಿ ಹೋಳು ಮಾಡಿದ ನಿಂಬೆಹಣ್ಣಿಗೆ ಕುಂಕುಮ ಹಚ್ಚುತ್ತ ತಲೆ ಎತ್ತಿದರು. "ನಿನ್ನ ಟ್ರ್ಯಾಕಿಗೆ ಎಷ್ಟು ಜನರ ಕಣ್ಣು ಬಿದ್ದಿದೆ ಗೊತ್ತೇನಪ್ಪಾ? ಒಂದೊಂದು ತಿರುವಿಗೂ ದೃಷ್ಟಿ ತೆಗೀಬೇಕು."

ಅವನು ಒಂದು ಗಳಿಗೆ ಯೋಚಿಸಿದ. ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿದ. ಓಡಾಡಲು ತನ್ನ ಜೀಪನ್ನೂ ಕೊಟ್ಟ! ಮಂದಾಕಿನಿ ತೋರಿಸಿದ ಜಾಗದಲ್ಲಿ, ಪ್ರತಿ ತಿರುವಿನ ಒಳಅಂಚಿಗೆ ಒಂದೊಂದು ಹೋಳು ಬಿತ್ತು.

ಮಧ್ಯಾಹ್ನದ ಓಟ ಶುರುವಾಯಿತು. ಉದಯಶಂಕರನ ಸರದ ನಿಂಬೆ ಬಿಸಿಲಿಗೆ ಒಣಗಿತ್ತು; ಕೊಯ್ದ ಹೋಳುಗಳ ಘಮ ಇಡೀ ಟ್ರ್ಯಾಕಿಗೆ ಹರಡಿತ್ತು. ಮೊದಲ ತಿರುವು ಬಂತು. ಚಕ್ರಗಳು ಒಳಕ್ಕೆ ವಾಲಿದವು, ನೆಲ ಕಚ್ಚಿದವು, ಜಾರಲಿಲ್ಲ! ಎರಡನೆಯದು ಇನ್ನೂ ಚೆನ್ನಾಯಿತು. ಕಾರು ಒಂದು ಹೋಳಿನಿಂದ ಇನ್ನೊಂದಕ್ಕೆ ಪಂಕ್ತಿ ಊಟಕ್ಕೆ ಹೊರಟಂತೆ ಓಡಿತು. ಕೊನೆಯ ತಿರುವಿನಲ್ಲಿ ಉದಯಶಂಕರ ಹೊರಕ್ಕೆ ಜಾರಿದ. ಮಂದಾಕಿನಿ ಒಳಗಿನಿಂದ ನುಗ್ಗಿದಳು. ಇಂಡಿಕೇಟರ್ ಹಾಕಿಕೊಂಡೇ ನುಗ್ಗಿದಳು!

"ಗೆದ್ದಿದ್ದು ನನ್ನ ಯಂತ್ರ!" ಮೂರ್ತಿ ಕುಣಿದ.

"ನನ್ನ ಪೂಜೆ!" ಅಂದರು ಅತ್ತೆ.

ಮಂದಾಕಿನಿ ವೇಗದ ಗುಂಪಿನ ಹಳದಿ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡು, ಒಮ್ಮೆ ಸವರಿ ನೋಡಿದಳು.

ಆ ಖುಷಿಯಲ್ಲಿ, ಮನೆಗೆ ಬಂದವಳು ಹ್ಯಾಂಡ್‌ಬ್ರೇಕ್ ಹಾಕಲು ಮರೆತಳು. ಡ್ರೈವಿಂಗ್ ಸ್ಕೂಲಿನ ಮೊದಲ ಪಾಠ! ಅಂಗಳ ಹಿತ್ತಿಲ ಕಡೆಗೆ ಇಳಿಜಾರು. ನಂಜಮ್ಮಣ್ಣಿ ಅಡುಗೆಮನೆಯಲ್ಲಿ ಕೂತು ಉಳಿದ ನಿಂಬೆಹಣ್ಣು ಹೆಚ್ಚತೊಡಗಿದ್ದರು. ಕಾರು ಸದ್ದಿಲ್ಲದೆ ಇಳಿಯಿತು, ಮನೆಯ ಮೂಲೆಯಲ್ಲಿ ವಾಲಿ ತಿರುಗಿತು, ತುಳಸಿಕಟ್ಟೆಗೆ ತಾಗದ ಹಾಗೆ ಬಳಸಿತು. ಹಿತ್ತಿಲ ಬಾಗಿಲನ್ನು ದೂಡಿ, ಅಡುಗೆಮನೆಯ ಹೊಸ್ತಿಲಿಗೆ ಎರಡೂ ಮುಂಗಾಲು ಏರಿಸಿ ನಿಂತಿತು.

ಗಂಡ ಹೆಂಡತಿ ಓಡಿ ಬಂದರು. ಅತ್ತೆ ಈಳಿಗೆಯಿಂದ ತಲೆ ಎತ್ತಲಿಲ್ಲ.

"ಒಳಗೆ ಬರೋದಾದ್ರೆ ಕಾಲು ತೊಳ್ಕೊಂಡು ಬರೋಕೆ ಹೇಳು," ಅಂದರು.