ಭಾವನ ಮದರಂಗಿ ಚುನಾವಣೆ

ನನ್ನ ಭಾವನ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಇಡೀ ದುಬೈಯಲ್ಲಿ ಒಬ್ಬರೂ ಇಲ್ಲ. ಕಾರಣ ಸರಳ: ಚೌಕಾಸಿ ಎಂದರೇನೆಂದೇ ಅವರಿಗೆ ಗೊತ್ತಿಲ್ಲ! ಮೀನಿನವನು ಹೇಳಿದ ದರವೂ ಅವರಿಗೆ ಸರ್ಕಾರಿ ಆದೇಶ. ದೇರಾದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟು, ಒಂದೊಂದು ಬಕೆಟ್ಟಿಗೂ ಗಂಟಲು ಹರಿದುಕೊಂಡು ಮೇಲೆ ಬಂದ ನನ್ನಂಥವನಿಗೆ ಇಂಥ ಭಾವ! ಅಕ್ಕನಿಗೆ ಗಂಡು ನೋಡುವಾಗ ನಾನಿನ್ನೂ ಚಡ್ಡಿಯಲ್ಲಿದ್ದೆ, ಇಲ್ಲದಿದ್ದರೆ ಒಂದು ಮಾತು ಹೇಳುತ್ತಿದ್ದೆ.

ಭಾವ ಉಡುಪಿಯ ಕಡೆ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಇಲ್ಲಿ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಒಂದು ಬೋಲ್ಟು ಬೇಕಾದರೂ ಮೂರು ಕಡೆ ಸಹಿ ಹಾಕಬೇಕು. ಅದು ಕಂಪನಿಯ ನಿಯಮವಲ್ಲ, ಭಾವನದು!

ಎರಡು ಸಾವಿರದ ಆಸುಪಾಸಿನ ಮಾತು. ನಮ್ಮ ಕನ್ನಡ ಸಂಘಕ್ಕೆ ಅಲ್ಲಿಯತನಕ ಚುನಾವಣೆಯೆಂದರೆ, ಪಿಕ್‌ನಿಕ್ಕಿನಲ್ಲಿ ಊಟವಾದ ಮೇಲೆ ಯಾರೋ ಒಂದು ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು. ಆ ವರ್ಷ ಮಾತ್ರ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತೆವು! ಒಬ್ಬರು ಮೈಸೂರಿನ ಕಂಪ್ಯೂಟರ್ ಎಂಜಿನಿಯರ್, ಇನ್ನೊಬ್ಬ ನಾನು. ಚುನಾವಣೆ ನಡೆಸುವವರು ಯಾರು? ಊರಿನಲ್ಲಿ ಮೂರು ಸಲ ಚುನಾವಣಾ ಡ್ಯೂಟಿ ಮಾಡಿದ ಅನುಭವಸ್ಥರು ಒಬ್ಬರೇ. ನಾನು ಒಳಗೊಳಗೇ ಕುಣಿದೆ. ಅಕ್ಕನ ಗಂಡನೇ ಚುನಾವಣಾಧಿಕಾರಿ! ಇನ್ನೇನು ಬೇಕು?

ಈಗ ನಿಮಗೊಂದು ಬುದ್ಧಿಮಾತು. ಚುನಾವಣೆಗೆ ನಿಲ್ಲುವುದಿದ್ದರೆ ಅಧಿಕಾರಿಯಾಗಿ ಶತ್ರುವೇ ಇರಲಿ, ಭಾವ ಬೇಡ!

ಮೊದಲ ಪೆಟ್ಟು ಮತಪೆಟ್ಟಿಗೆಯದು. ನನ್ನ ಅಂಗಡಿಯಿಂದ ಮುಚ್ಚಳವಿರುವ ಚಂದದ ಮೂರು ಡಬ್ಬಗಳನ್ನು ಪುಕ್ಕಟೆ ಕೊಡುತ್ತೇನೆಂದೆ.

"ಅಭ್ಯರ್ಥಿಯ ಡಬ್ಬಿಯಲ್ಲಿ ಓಟಾ? ಮಂಡೆ ಸರಿ ಉಂಟಾ ಮಾರಾಯ ನಿಂಗೆ?" ಎಂದರು ಭಾವ. ಸೀದಾ ನನ್ನ ಎದುರಿನ ಅಂಗಡಿಗೆ ಹೋಗಿ, ಅವನು ಹೇಳಿದಷ್ಟೇ ಕೊಟ್ಟು, ಅವೇ ಡಬ್ಬಗಳನ್ನು ತಂದರು. ಆ ಎದುರಂಗಡಿಯವನು ಡಬ್ಬ ತರಿಸುತ್ತಿದ್ದದ್ದು ನನ್ನಿಂದಲೇ!

ಎರಡನೆಯದು ಬೆರಳಿನ ಶಾಯಿ. ಊರಿನ ಚುನಾವಣೆಯ ಅಳಿಸದ ಶಾಯಿ ದುಬೈಯಲ್ಲಿ ಎಲ್ಲಿ ಸಿಗಬೇಕು? ಭಾವ ಮೂರು ದಿನ ಮಂಡೆ ಬಿಸಿ ಮಾಡಿಕೊಂಡು ನಾಲ್ಕನೆಯ ದಿನ ಅಲ್ ನಹ್ದಾದ ಹೆಂಗಸರ ಸಲೂನಿನಿಂದ ಒಂದು ಡಜನ್ ಮದರಂಗಿ ಕೋನ್ ಹಿಡಿದುಕೊಂಡು ಬಂದರು. "ಇದು ಹದಿನೈದು ದಿನ ಹೋಗುದಿಲ್ಲ. ಉಗುರಿಗೆ ಹಾಕಿದ್ರೆ ತಿಂಗಳುಗಟ್ಟಲೆ!" ಒಪ್ಪಿದೆವು. ಆದರೆ ಮದರಂಗಿ ಒಣಗಬೇಡವೇ? ಓಟು ಹಾಕಿದವರೆಲ್ಲ ಎಡಗೈ ತೋರುಬೆರಳನ್ನು ಮೇಲೆತ್ತಿ ಅರ್ಧ ಗಂಟೆ ಕೂರಬೇಕೆಂದು ನಿಯಮವಾಯಿತು!

ನಿಯಮ ಎಂದೆನಲ್ಲ? ಹನ್ನೊಂದು ಪುಟ. ಸ್ವಹಸ್ತಾಕ್ಷರ. ಊರಿಗೆ ರಜೆಯಲ್ಲಿ ಹೋದವರಿಗೂ ಓಟು ಉಂಟು: ಅವರಿಗೆ ಮತಪತ್ರ ಅಂಚೆಯಲ್ಲಿ ಹೋಗುತ್ತದೆ, ಒಂದರೊಳಗೊಂದು ಎರಡು ಲಕೋಟೆಯಲ್ಲಿ ಅಂಚೆಯಲ್ಲೇ ಸಂಘದ ಪೋಸ್ಟ್ ಬಾಕ್ಸಿಗೆ ಮರಳಬೇಕು. ಮೂರು ಮತಗಟ್ಟೆ: ಬೆಳಿಗ್ಗೆ ಅಬುಧಾಬಿಯ ಖಾಲಿದಿಯಾ, ಮಧ್ಯಾಹ್ನ ಅಲ್ ನಹ್ದಾ, ಸಂಜೆ ಮುಹೈಸ್ನಾದ ಲೇಬರ್ ಕ್ಯಾಂಪಿನ ಮೆಸ್ಸು. ಬೇರೆಬೇರೆ ಹೊತ್ತು ಯಾಕೆಂದರೆ ಭಾವನಿಗೆ ಭಾವನನ್ನು ಬಿಟ್ಟು ಯಾರ ಮೇಲೂ ನಂಬಿಕೆಯಿಲ್ಲ. ಕೊನೆಯ ಸಾಲು: ಚುನಾವಣಾಧಿಕಾರಿ ಮತ ಹಾಕತಕ್ಕದ್ದಲ್ಲ. ಅಭ್ಯರ್ಥಿಗಳಿಬ್ಬರೂ ಓದಿ ಸಹಿ ಹಾಕಬೇಕಿತ್ತು. ಅಂಗಡಿಯಲ್ಲಿ ಗಿರಾಕಿ ನಿಂತಿದ್ದ. ಓದದೆ ಹಾಕಿದೆ. ಬಾಡಿಗೆ ಕರಾರನ್ನು ಓದದೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಹೇಳುವವನು ನಾನೇ!

ಶುಕ್ರವಾರ ಬಂತು. ಅಭ್ಯರ್ಥಿಯ ಕಾರಿನಲ್ಲಿ ಪೆಟ್ಟಿಗೆ ಬರುವಂತಿಲ್ಲವಲ್ಲ, ಟ್ಯಾಕ್ಸಿ ಹಿಡಿದೆವು. ಹಿಂದಿನ ಸೀಟಿನ ಆ ಕಡೆ ನಾನು, ಈ ಕಡೆ ಮೈಸೂರಿನವರು, ನಡುವೆ ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತ ಖಾಲಿದಿಯಾದ ಮತಪೆಟ್ಟಿಗೆ! ಪಠಾಣ್ ಡ್ರೈವರ್ ಕನ್ನಡಿಯಲ್ಲೇ ನೋಡಿ ನೋಡಿ ಕೊನೆಗೆ ಕೇಳಿದ, "ಇಸ್ ಮೇ ಕ್ಯಾ ಹೈ ಭಾಯಿ? ಸೋನಾ?"

"ಉಸ್ ಸೇ ಜಾಸ್ತಿ!" ಚಿನ್ನಕ್ಕಿಂತ ಹೆಚ್ಚಿನದು ಎಂದರು ಭಾವ ಮುಂದಿನ ಸೀಟಿನಿಂದ.

ಖಾಲಿದಿಯಾದಿಂದ ಹಿಂದಿರುಗುವಾಗ ಡ್ರೈವರ್ ಜುಮ್ಮಾ ನಮಾಜಿಗೆ ಗಾಡಿ ನಿಲ್ಲಿಸಿದ. ನಾವು ಮೂವರು ಮಸೀದಿಯ ಗೋಡೆಯ ನೆರಳಿನಲ್ಲಿ, ಪೆಟ್ಟಿಗೆ ಬಿಸಿಲಿನ ಕಾರಿನಲ್ಲಿ, ಭಾವನ ಕಣ್ಣು ಪೆಟ್ಟಿಗೆಯ ಮೇಲೆ. ಜುಲೈ ತಿಂಗಳು! ಮರಳಿ ಬಂದು ಕೂತೆವು. ಪೆಟ್ಟಿಗೆಗೆ ಭಾವ ಹಾಕಿದ್ದ ಮೇಣದ ಮೊಹರು ಪೂರ್ತಿ ಕರಗಿ ಸೀಟಿನ ಮೇಲೆ ಹರಿದಿತ್ತು, ನಾವು ಕೂತದ್ದು ಅದರ ಮೇಲೆಯೇ!

"ಸಾರ್, ಏನ್ ಸಾರ್ ಇದು, ಇವತ್ತೇ ಹಾಕ್ಕೊಂಡಿರೋ ಪ್ಯಾಂಟು!" ಮೈಸೂರಿನವರು ಅಳುವುದೊಂದು ಬಾಕಿ.

ಭಾವ ಇಬ್ಬರನ್ನೂ ಇಳಿಸಿ, ಹಿಂದಕ್ಕೆ ತಿರುಗಿಸಿ, ಬಗ್ಗಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡರು: "ಮೊಹರು ಕರಗಿದೆ. ಹಾನಿ ಉಭಯ ಅಭ್ಯರ್ಥಿಗಳಿಗೂ ಸಮಾನ."

ಅಲ್ ನಹ್ದಾದಲ್ಲಿ ಒಬ್ಬರ ಫ್ಲಾಟಿನ ಹಾಲೇ ಮತಗಟ್ಟೆ, ಅಕ್ಕನ ಸೀರೆಯೇ ಪರದೆ. ಅಕ್ಕ ಮಾತ್ರ ಇರಲಿಲ್ಲ, ಮದುವೆಯೊಂದಕ್ಕೆಂದು ಊರಿಗೆ ಹೋಗಿದ್ದಳು. ಅಷ್ಟರಲ್ಲಿ ಬೆಳಗಿನ ವಿಮಾನದಲ್ಲಿ ಬಂದಿಳಿದ ನಮ್ಮ ನೆರೆಯವರೊಬ್ಬರು ಒಂದು ಚೀಲ ಹಿಡಿದು ಓಡಿ ಬಂದರು. "ನಿಮ್ಮ ಹೆಂಡತಿ ಕೊಟ್ಟದ್ದು ಮೇಷ್ಟ್ರೇ. ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮತ್ತೆ ಓಟು!"

ಗಲ್ಫಿನವರಿಗೆ ಇದರಲ್ಲೇನು ವಿಶೇಷ? ಊರಿನಿಂದ ಯಾರು ಹೊರಟರೂ ಅವರ ಕೈಯಲ್ಲಿ ಕಷಾಯದ ಪುಡಿಯಿಂದ ಜಾತಕದವರೆಗೆ ಎಲ್ಲವನ್ನೂ ಕೊಟ್ಟು ಕಳಿಸುವುದೇ ನಮ್ಮ ಅಂಚೆ. ಭಾವ ಹಪ್ಪಳ ತೆಗೆದುಕೊಂಡರು. ಉಪ್ಪಿನಕಾಯಿ ತೆಗೆದುಕೊಂಡರು. ಎಣ್ಣೆ ಇಳಿದಿದ್ದ ಲಕೋಟೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು: "ತಿರಸ್ಕೃತ. ಅಂಚೆಯಲ್ಲಿ ಬಂದುದಲ್ಲ."

"ಭಾವ! ಅದು ಅಕ್ಕನ ಓಟು!"

"ಕೈಯಲ್ಲಿ ಕೊಟ್ಟ ಓಟಿನ ಕತೆ ನಂಗೆ ಗೊತ್ತುಂಟು. ನೀನು ಸುಮ್ಮನಿರು" ಎಂದರು. ಆ ದನಿ ಎಂದಿನ ಹಾಗಿರಲಿಲ್ಲ. ಆಗ ನಾನು ಗಮನಿಸಲಿಲ್ಲ, ನನಗೆ ನನ್ನ ಲೆಕ್ಕ.

ಮುಹೈಸ್ನಾದಲ್ಲಿ ಸಂಜೆ ನಾಲ್ಕಕ್ಕೆ ಐದಾರು ಮಂದಿ ಓಟು ಹಾಕಿ ಬೆರಳು ಮೇಲೆತ್ತಿ ಕೂತಿದ್ದರು. ಉಳಿದ ಹನ್ನೊಂದು ಮಂದಿ ಓವರ್‌ಟೈಮಿಗೆ ಹೋಗಿದ್ದರು, ಅವರ ಬಸ್ಸು ಬಂದಿರಲಿಲ್ಲ. ಅವರೆಲ್ಲ ಮೈಸೂರಿನವರ ಪರ ಎಂಬುದು ನನಗೆ ಪಕ್ಕಾ ಗೊತ್ತಿತ್ತು. ಗೋಡೆ ಗಡಿಯಾರ ತೋರಿಸಿ ಹೇಳಿದೆ, "ಖಲಾಸ್ ಭಾವ! ನಾಲ್ಕಾಯಿತು, ಮುಚ್ಚಿ!"

ಭಾವ ಒಂಬತ್ತನೆಯ ಪುಟ ತೆರೆದು ನನ್ನ ಮೂಗಿನ ಕೆಳಗೆ ಹಿಡಿದರು. "ಮುಹೈಸ್ನಾದಲ್ಲಿ ಮತದಾನ ಕೊನೆಯ ಬಸ್ಸು ಬರುವ ತನಕ." ಕೆಳಗೆ ನನ್ನದೇ ಸಹಿ! ಓದಿ ಸ್ವಾಮಿ, ಸಹಿ ಹಾಕುವ ಮೊದಲು ಓದಿ!

ಆರು ಗಂಟೆಗೆ ಬಸ್ಸು ಬಂತು. ಮೈತುಂಬ ಸಿಮೆಂಟಿನ ಧೂಳು ಹೊತ್ತ ಹನ್ನೊಂದು ಮಂದಿ ಇಳಿದರು. ಭಾವ ಎದ್ದು ನಿಂತು ಒಬ್ಬೊಬ್ಬರನ್ನೂ "ಬನ್ನಿ, ನಿಮ್ಮ ಹೆಸರು ಹೇಳಿ" ಎಂದು ಬರಮಾಡಿಕೊಂಡರು. ಬಿಜಾಪುರದ ಗಾರೆ ಕೆಲಸದವರೊಬ್ಬರು ಮದರಂಗಿ ಬೆರಳು ನೋಡಿಕೊಂಡು ನಕ್ಕರು: "ಮದುವ್ಯಾಗ ಹಚ್ಚಿದ್ದೇ ಕಡೀ ಇತ್ರಿ ಸರ, ಈಗ ಇನ್ನೊಮ್ಮಿ ಮದಿಮಗ ಮಾಡಿಬಿಟ್ರಿ!"

ಅಲ್ಲೇ ಎಣಿಕೆ. ಮೈಸೂರಿನವರಿಗೆ ಎಪ್ಪತ್ತಮೂರು. ನನಗೆ ಎಪ್ಪತ್ತೆರಡು!

ಅಕ್ಕನದೊಂದು, ಭಾವನದೊಂದು ಸೇರಿದ್ದರೆ? ಗೆದ್ದಿರುತ್ತಿದ್ದೆ! ವಾರ ಪೂರ್ತಿ ಭಾವನ ಮುಖ ನೋಡಲಿಲ್ಲ. ಅಕ್ಕ ಊರಿನಿಂದ ಬಂದ ದಿನವೇ ಹೋಗಿ ಕೂಗಾಡಿದೆ. "ನಿನ್ನ ಓಟು ಬಿಡು, ಇವರು ತಮ್ಮದನ್ನಾದರೂ ಹಾಕಬಹುದಿತ್ತಲ್ಲ!"

ಭಾವ ಎದ್ದು ಬಾಲ್ಕನಿಗೆ ಹೋದರು. ಅಕ್ಕ ದನಿ ತಗ್ಗಿಸಿದಳು. "ಅವರು ಜನ್ಮದಲ್ಲೇ ಓಟು ಹಾಕಿದವರಲ್ಲ ಮಾರಾಯ. ಮೂರು ಸಲವೂ ದೂರದ ಊರಲ್ಲಿ ಡ್ಯೂಟಿ, ಅಂಚೆ ಓಟೇ ಗತಿ. ಮೊದಲನೇ ಸಲ ಕಾಗದವೇ ಬರ್ಲಿಲ್ಲ. ಎರಡನೇ ಸಲ ಬರುವಾಗ ಎಣಿಕೆ ಮುಗ್ದಿತ್ತು. ಮೂರನೇದ್ದು ಬರೆದು, ಆಫೀಸಿಗೆ ಮುಟ್ಟಿಸು ಅಂತ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ರು. ಅದು ಎಲ್ಲಿ ಹೋಯ್ತೋ ದೇವ್ರಿಗೇ ಗೊತ್ತು. ಆಮೇಲೆ ಇಲ್ಲಿಗೆ ಬಂದ್ರು. ಊರಲ್ಲಿ ವಾಸ ಇಲ್ಲ ಅಂತ ಪಟ್ಟಿಯಿಂದ ಹೆಸರೇ ತೆಗೆದ್ರು. ಸಾವಿರ ಜನರ ಬೆರಳಿಗೆ ಶಾಯಿ ಹಚ್ಚಿದ್ದಾರೆ, ತಮ್ಮ ಬೆರಳಿಗೆ ಒಂದು ಸಲವೂ ಇಲ್ಲ."

ನಾನು ಬಾಲ್ಕನಿಗೆ ಹೋಗಿ ಭಾವನ ಪಕ್ಕ ನಿಂತೆ. ಕೂಗಾಡುವುದಕ್ಕಲ್ಲ.

ಎರಡು ವರ್ಷದ ನಂತರ ಮತ್ತೆ ಚುನಾವಣೆ. ಈ ಸಲ ನಿಂತರೆ ನೀವೇ, ಗೆದ್ದ ಹಾಗೆಯೇ ಎಂದು ಎಲ್ಲರೂ ಬೆನ್ನು ತಟ್ಟಿದರು. ನಾನು ಸಭೆಯಲ್ಲಿ ಎದ್ದು, ಜೀವಮಾನದಲ್ಲೇ ಮೊದಲ ಬಾರಿ ನಷ್ಟದ ವ್ಯಾಪಾರ ಮಾಡಿದೆ. "ನಾನು ನಿಲ್ಲುವುದಿಲ್ಲ. ಚುನಾವಣಾಧಿಕಾರಿ ಆಗುತ್ತೇನೆ."

"ನಿಂಗೆ ನಿಯಮ ಎಂತ ಗೊತ್ತುಂಟು?" ಎಂದರು ಭಾವ ಗಾಬರಿಯಿಂದ.

"ಹನ್ನೊಂದು ಪುಟವನ್ನೂ ಓದಿದ್ದೇನೆ ಭಾವ."

ಆ ಶುಕ್ರವಾರ ಅಲ್ ನಹ್ದಾದ ಸಾಲಿನಲ್ಲಿ ಮೊದಲು ನಿಂತವರು ಅವರೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸದಸ್ಯತ್ವದ ಕಾರ್ಡು. "ಬನ್ನಿ ಭಾವ" ಎಂದೆ.

"ಭಾವ ಎಂತದು? ಹೆಸರು ಕೇಳು. ಕಾರ್ಡು ನೋಡು" ಎಂದು ಗದರಿದರು.

ಹೆಸರು ಕೇಳಿದೆ. ಕಾರ್ಡು ನೋಡಿದೆ. ಮತಪತ್ರದಲ್ಲಿ ಇದ್ದದ್ದು ಎರಡೇ ಹೆಸರು, ಆದರೂ ಅಕ್ಕನ ಸೀರೆಯ ಹಿಂದೆ ಅವರು ತೆಗೆದುಕೊಂಡದ್ದು ಒಂಬತ್ತು ನಿಮಿಷ. ಸಾಲಿನವರು "ಯಲ್ಲಾ ಯಲ್ಲಾ!" ಎಂದು ಅವಸರಪಡಿಸತೊಡಗಿದರು. ನಾನು ಯಾರನ್ನೂ ಮುಂದೆ ಬಿಡಲಿಲ್ಲ.

ಹೊರಗೆ ಬಂದು ಎಡಗೈ ಚಾಚಿದರು. ನಾನು ಮಣಿಕಟ್ಟು ಹಿಡಿದುಕೊಂಡು ಉಗುರಿನ ಮೇಲೆ ಮದರಂಗಿ ಎಳೆದೆ. ನಿಯಮದಲ್ಲಿ ಅರ್ಧ ಗಂಟೆ. ಭಾವ ಸಂಜೆಯವರೆಗೂ ಬೆರಳು ಮೇಲೆತ್ತಿಯೇ ಕೂತಿದ್ದರು.

ಮೂರು ತಿಂಗಳ ನಂತರ ಅಕ್ಕ ಫೋನಿನಲ್ಲಿ ಬೈಯುತ್ತಿದ್ದಳು. ಭಾವ ಒಂಬತ್ತು ಬೆರಳಿನ ಉಗುರು ಕತ್ತರಿಸಿದ್ದಾರಂತೆ, ಒಂದನ್ನು ಮಾತ್ರ ಮುಟ್ಟಲು ಬಿಡುತ್ತಿಲ್ಲವಂತೆ. ತುದಿಯಲ್ಲಿ ಇನ್ನೂ ಒಂದು ಎಳೆ ಕೆಂಪು ಉಳಿದಿದೆಯಂತೆ.