ಕರ್ಕೂರ್ ವಂಶದ ಯಜಮಾನ

ನಿವೃತ್ತನಾದ ಗಂಡಸು ಮನೆಯಲ್ಲಿದ್ದರೆ ಹೆಂಗಸರಿಗೆ ಅದೇಕೆ ಅಷ್ಟು ಸಂಕಟವೋ ಕಾಣೆ. ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದ ಮೂರನೇ ದಿನವೇ ನನ್ನ ಹೆಂಡತಿ ಅದ್ಲಾ, "ರೀ, ನನ್ನ ಅಡಿಗೆಮನೆ ಡಬ್ಬಿಗಳಿಗೆ ಚೀಟಿ ಅಂಟಿಸೋದು ಬಿಟ್ಟು ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ" ಎಂದಳು.

ನೋಡಿಕೊಂಡೆ. ಕರ್ಕೂರ್ ವಂಶೋದ್ಧಾರದ ಕೆಲಸ!

ಲೆಬನಾನಿನ ನಮ್ಮ ಬೆಟ್ಟದೂರಿನಲ್ಲಿ ಕರ್ಕೂರ್ ಎಂಬ ಹೆಸರಿಗೆ ಉಳಿದವನು ನಾನೊಬ್ಬನೇ. ಮಿಕ್ಕವರು ಅಜ್ಜಂದಿರ ಕಾಲದಲ್ಲೇ ಹಡಗು ಹತ್ತಿದ್ದರು. ವರ್ಷವಿಡೀ ಕಂಪ್ಯೂಟರಿನ ಮುಂದೆ ಕೂತು ಬ್ರೆಜಿಲ್, ಆಸ್ಟ್ರೇಲಿಯ, ಸೆನೆಗಲ್‌ಗಳ ಕರ್ಕೂರರನ್ನೆಲ್ಲ ಹೆಕ್ಕಿ ತೆಗೆದೆ. (ಫಿನ್‌ಲೆಂಡಿನವನೊಬ್ಬ ನಾಲ್ಕು ತಿಂಗಳು ಪತ್ರ ಬರೆದ ಮೇಲೆ, ಅದು ತನ್ನ ನಾಯಿಯ ಹೆಸರೆಂದು ತಿಳಿಸಿದ.) ಗೋಡೆಯುದ್ದಕ್ಕೂ ವಂಶವೃಕ್ಷ ಬರೆದೆ.

"ನಮ್ಮಜ್ಜಿ ವರ್ದೆನೂ ಕರ್ಕೂರ್ ಮನೆ ಹುಡುಗೀನೇ. ಅವಳ ಹೆಸರೂ ಬರೀರಿ," ಎಂದಳು ಅದ್ಲಾ.

"ಹೆಂಗಸರ ಕಡೆಯದು ಲೆಕ್ಕಕ್ಕಿಲ್ಲ ಕಣೇ. ಮರ ಅಂದ್ಮೇಲೆ ಕಾಂಡ ಮುಖ್ಯ."

"ಹಣ್ಣು ಬಿಡೋದು ಕೊಂಬೇಲಿ. ಕಾಂಡ ಒಲೆಗಾಗತ್ತೆ, ಅಷ್ಟೆ!"

ಆಗಸ್ಟಿನಲ್ಲಿ ನಲವತ್ತಮೂರು ಜನ ಬಂದಿಳಿದರು. ಅದ್ಲಾ ಎರಡು ದಿನ ಮಾಂಸ ಕುಟ್ಟಿ ಕಿಬ್ಬೆ ಮಾಡಿದ್ದಳು. ನಾನು ದ್ರಾಕ್ಷಿ ಚಪ್ಪರದಡಿ ದೊಡ್ಡ ಕುರ್ಚಿಯಲ್ಲಿ ವಿರಾಜಮಾನನಾಗಿ, ನನ್ನ ಮುತ್ತಾತ ಮಿಖಾಯಿಲ್ ಕುದುರೆಯೇರಿ ಶತ್ರುಸಂಹಾರ ಮಾಡಿದ ಕಥೆ ಹೇಳುತ್ತಿದ್ದೆ. (ಆಧಾರವಿರಲಿಲ್ಲ. ವಂಶ ಅಂದಮೇಲೆ ಒಬ್ಬ ವೀರ ಬೇಡವೇ?)

ಅಷ್ಟರಲ್ಲಿ ಊರಿನ ಪಾದ್ರಿಗಳು ಚರ್ಚಿನ ಹಳೆಯ ದಾಖಲೆ ಪುಸ್ತಕ ಹಿಡಿದು ಬಂದು, ನನ್ನನ್ನು ಹೆಸರು ಹಿಡಿದು ಕರೆದರು. "ನಖ್ಲೆ, ಇದನ್ನ ಮೊದ್ಲು ನೀನೊಬ್ನೇ ಓದ್ಕೊಂಡ್ರೆ ಒಳ್ಳೇದು."

"ಬಚ್ಚಿಡೋಕೆ ನಮ್ಮಲ್ಲೇನಿದೆ ಫಾದರ್!" ಎಂದು ಕಸಿದುಕೊಂಡು, ಎದ್ದು ನಿಂತು, ಗಂಟಲು ಸರಿಮಾಡಿಕೊಂಡೆ. "ಮಿಖಾಯಿಲ್. ಕರ್ಕೂರರ ಮನೆಯ..."

"ಯಾಕ್ರೀ ನಿಲ್ಲಿಸ್ಬಿಟ್ರಿ?" ಅದ್ಲಾ ಪುಸ್ತಕ ಕಿತ್ತುಕೊಂಡು ಓದಿದಳು. "ಕರ್ಕೂರರ ಮನೆಯ ಹೇಸರಗತ್ತೆ ಕಾಯುವವನು. ಮನೆತನ ಯಾವುದೆಂದರೆ ಗೊತ್ತಿಲ್ಲವೆಂದ. ಯಜಮಾನರ ಹೆಸರನ್ನೇ ಬರೆದುಕೊಂಡಿದೆ. ಯಜಮಾನರ ಮಕ್ಕಳು: ದಾವೂದ್, ಇಬ್ರಾಹಿಂ, ವರ್ದೆ."

ದಾವೂದ್ ಮತ್ತು ಇಬ್ರಾಹಿಂ, ಹಡಗು ಹತ್ತಿದ ಅಣ್ಣತಮ್ಮಂದಿರು. ನಲವತ್ತಮೂರು ಜನವೂ ಅವರ ಸಂತಾನ. ಅದ್ಲಾ ಪುಸ್ತಕದಿಂದ ತಲೆಯೆತ್ತಿ, "ವರ್ದೆ ಅಂದ್ರೆ ನಮ್ಮಜ್ಜಿ!" ಎಂದಳು.

ಬ್ರೆಜಿಲಿನ ಮುದುಕಿ ಜುಲಿಯೆತಾ, ದಾವೂದನ ಮಗಳು, ಕೋಲೂರಿಕೊಂಡು ಎದ್ದು ಎರಡು ತೋಳೂ ಚಾಚಿ ನನ್ನತ್ತ ಬಂದಳು. ಪಾಪ, ಸಮಾಧಾನ ಹೇಳಲು ಬರುತ್ತಿದ್ದಾಳೆಂದು ನಾನೂ ತೋಳು ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಅದ್ಲಾಳನ್ನು ತಬ್ಬಿಕೊಂಡಳು.

"ವರ್ದೆ ಅತ್ತೆ ಮೊಮ್ಮಗಳಾ ನೀನು? ನಮ್ಮಪ್ಪ ಸಾಯೋವರ್ಗೂ ತಂಗಿ ತಂಗಿ ಅಂತ ಅಳ್ತಿದ್ದ ಕಣೇ!"

ನನ್ನ ಹೆಂಡತಿ ಅತ್ತಿದ್ದನ್ನು ನಾನು ನೋಡಿದ್ದು ಅಪರೂಪ. ಆ ದಿನ ಅತ್ತಳು. ಅರ್ಧ ಗಂಟೆಯಲ್ಲಿ ದೊಡ್ಡ ಕುರ್ಚಿ ಅವಳದಾಯಿತು.

ಆಮೇಲೆ ಫೋಟೋ. ಜುಲಿಯೆತಾ ನನ್ನ ಕೈಗೆ ಫೋನು ಕೊಟ್ಟು, "ಮನೆಯವರೆಲ್ಲ ನಿಂತಿದೀವಿ. ಹೊರಗಿನೋರು ಯಾರಾದ್ರೂ ತೆಗೀಬೇಕಲ್ಲಪ್ಪ" ಎಂದಳು. ಎಲ್ಲರೂ ಚೌಕಟ್ಟಿನೊಳಗೆ ಹಿಡಿಸಲೆಂದು ಹಿಂದೆ ಹಿಂದೆ ಸರಿದು ಟೊಮೆಟೊ ಮಡಿಯೊಳಗೆ ಇಳಿದೆ.

"ರೀ, ಫೋನು ಫಾದರ್ ಕೈಲಿ ಕೊಟ್ಟು ಬನ್ನಿ ಇಲ್ಲಿ," ಎಂದು ಅದ್ಲಾ ಕೂಗಿದಳು. ಓಡಿದೆ. ಅವಳು ನನ್ನ ತೋಳು ಹಿಡಿದು ಎಲ್ಲರಿಗೂ ಪರಿಚಯಿಸಿದಳು: "ಇವ್ರು ನಮ್ಮನೆ ಅಳಿಯ."

ಜುಲಿಯೆತಾ ಕೆಸರಾದ ನನ್ನ ಬೂಟಿನಿಂದ ಬೋಳುತಲೆಯವರೆಗೆ ನೋಡಿ ತಲೆಯಾಡಿಸಿದಳು.

"ಪರ್ವಾಗಿಲ್ಲ. ನಿಮ್ಮ ಮುತ್ತಾತನಿಗಿಂತ ಒಂದು ಮೆಟ್ಲು ಮೇಲೆ ಬಂದಿದೀಯ."